ಕಿಲೋಮೀಟರು ಒಂದೇ, ಗಂಟೆ ಹಲವು

ಬೆಂಗಳೂರಿನಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವುದು ನನ್ನ ಕಸುಬು. ಎಚ್‌ಎಎಲ್ ವಿಮಾನ ನಿಲ್ದಾಣದ ಕಾಲದಲ್ಲಿ ಈ ಕೆಲಸಕ್ಕೆ ಬಂದವನು, ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೂ, ಟಿಕೆಟ್ ಎಲ್ಲರ ಫೋನಿಗೇ ಬಂದ ಮೇಲೂ ಇದರಲ್ಲೇ ಇದ್ದೇನೆ. ಈಗ ನನ್ನಲ್ಲಿಗೆ ಬರುವವರು ಹೆಚ್ಚಾಗಿ ಹಿರಿಯರು. ಮಗ ಅಮೆರಿಕದಲ್ಲಿ, ಮಗಳು ಜರ್ಮನಿಯಲ್ಲೋ ಸಿಂಗಪುರದಲ್ಲೋ. ದುಡ್ಡಿನ ಮಾತಿಗಿಂತ ಮುಂಚೆ ಅವರು ಕೇಳುವುದು ಇದನ್ನೇ: “ಎಷ್ಟು ದೂರ ಆಗುತ್ತೆ, ಎಷ್ಟು ಹೊತ್ತು ಕೂರಬೇಕು?”

ದೂರವನ್ನು ವೇಗದಿಂದ ಭಾಗಿಸಿದರೆ ಉತ್ತರ ಬಂತಲ್ಲ ಅಂತ ಶುರುವಿನಲ್ಲಿ ನಂಬಿದ್ದೆ. ಆ ನಂಬಿಕೆಯಿಂದ ಕೆಲವರು ವಿಮಾನ ತಪ್ಪಿಸಿಕೊಂಡರು, ಕೆಲವರು ಗೊತ್ತಿಲ್ಲದ ಊರಿನ ನಿಲ್ದಾಣದಲ್ಲಿ ರಾತ್ರಿ ಕಳೆದರು. ಅವರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ, ಅಪ್ಪ ಅಮ್ಮನಿಗೆ ತಾವೇ ಟಿಕೆಟ್ ಮಾಡಿಸುವ ಮಕ್ಕಳಿಗೂ ಉಪಯೋಗಕ್ಕೆ ಬರಲಿ.

1. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ

ನಮ್ಮ ಆಫೀಸಿನ ಗೋಡೆಗೆ ದೊಡ್ಡದೊಂದು ಪ್ರಪಂಚದ ನಕ್ಷೆ ಹಾಕಿದ್ದೆವು. ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರು ದಾರಿ ಕೇಳಿದರೆ ಬೆಂಗಳೂರಿನ ಮೇಲೆ ಬೆರಳಿಟ್ಟು, ಎಡಕ್ಕೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಸಿ ಅಮೆರಿಕದ ಆ ಬದಿಯ ತನಕ ಎಳೆದು ತೋರಿಸುತ್ತಿದ್ದೆ. ಒಮ್ಮೆ ನನ್ನೆದುರು ಕೂತಿದ್ದವರು ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಅವತ್ತು ಏನೂ ಹೇಳದೆ ಹೋದರು. ಮಾರನೆಯ ದಿನ ಒಂದು ಗ್ಲೋಬು, ಒಂದು ಉಂಡೆ ಹೊಲಿಗೆ ದಾರ ಹಿಡಿದು ಬಂದರು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲಿಟ್ಟು ನನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದರು. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ನಿಧಾನಕ್ಕೆ ಬಿಗಿ ಮಾಡಿದರು. ಬಿಗಿಯಾದಂತೆಲ್ಲ ದಾರ ತಾನಾಗಿ ಉತ್ತರಕ್ಕೆ ಜಾರಿತು. ಚೀನಾದ ಪಶ್ಚಿಮ ಭಾಗ, ಸೈಬೀರಿಯಾ, ಆರ್ಕ್ಟಿಕ್ ಸಾಗರದ ಅಂಚು, ಅಲಾಸ್ಕಾ ಇಷ್ಟನ್ನೂ ಹಾದು ಕ್ಯಾಲಿಫೋರ್ನಿಯಾದಲ್ಲಿ ಇಳಿದಿತ್ತು. ನಾನು ಬೆರಳಾಡಿಸುತ್ತಿದ್ದ ಆಫ್ರಿಕಾದ ಹತ್ತಿರವೂ ಅದು ಸುಳಿದಿರಲಿಲ್ಲ.

ಗುಂಡಾದ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಅಂದರೆ ಬಿಗಿದ ಆ ದಾರದ ಉದ್ದ. ವಿಮಾನ ನಿಲ್ದಾಣಗಳ ನಡುವಿನ ದೂರವೆಂದು ಎಲ್ಲ ಕಡೆ ಬರೆದಿರುವುದು ಅದನ್ನೇ. ಚಪ್ಪಟೆ ನಕ್ಷೆಯಲ್ಲಿ ಅದೇ ಗೆರೆ ಮೇಲಕ್ಕೆ ಬಾಗಿ, ಸುತ್ತುದಾರಿ ಅನ್ನುವಂತೆ ಕಾಣುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಈ ಲೆಕ್ಕದಲ್ಲಿ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಮೊದಲ ವಿಮಾನವನ್ನು ಉತ್ತರ ಧ್ರುವದ ಮಾರ್ಗದಲ್ಲಿ ಬೆಂಗಳೂರಿಗೆ ತಂದಿಳಿಸಿದರು. ಮೇಷ್ಟ್ರು ದಾರದಲ್ಲಿ ತೋರಿಸಿದ್ದು ಆಗ ಊರಿಗೆಲ್ಲ ಸುದ್ದಿಯಾಯಿತು.

ಬೆಂಗಳೂರು–ದೆಹಲಿ ನೋಡಿಕೊಂಡೇ ಬೆಳೆದವರಿಗೆ ಈ ಪಾಠ ತಡವಾಗಿ ತಿಳಿಯುತ್ತದೆ. ಎರಡೂ ಊರು ಹೆಚ್ಚುಕಡಿಮೆ 77 ಡಿಗ್ರಿ ರೇಖಾಂಶದ ಮೇಲೇ ಇವೆ. ಅಲ್ಲಿ ನಕ್ಷೆಯ ಗೆರೆಯೂ ಗ್ಲೋಬಿನ ದಾರವೂ ಒಂದೇ ಕಡೆ ಬೀಳುತ್ತವೆ. ದೂರ ಹೆಚ್ಚಿದಂತೆ, ಪೂರ್ವ–ಪಶ್ಚಿಮ ಅಂತರ ಹೆಚ್ಚಿದಂತೆ ನಕ್ಷೆ ಮೋಸ ಮಾಡುತ್ತದೆ.

2. ಮೈಲಿ ಅಂದಾಗ ಯಾವ ಮೈಲಿ ಅಂತ ಕೇಳಿ

ಒಂದು ಕಂಪನಿಯವರು ತಮ್ಮ ನೌಕರರ ವಿಮಾನ ಪ್ರಯಾಣದಿಂದ ಎಷ್ಟು ಇಂಗಾಲ ಹೊರಬೀಳುತ್ತದೆ ಎಂದು ಲೆಕ್ಕ ಹಾಕಲು ಊರೂರಿನ ದೂರದ ಪಟ್ಟಿ ಕೇಳಿದ್ದರು. ನಾನು ಅಲ್ಲೊಂದು ಇಲ್ಲೊಂದು ಕಡೆಯಿಂದ ಅಂಕಿ ಕೂಡಿಸಿ, ಎಲ್ಲವನ್ನೂ ಮೈಲಿಯೆಂದು ಭಾವಿಸಿ ಕಿಲೋಮೀಟರಿಗೆ ತಿರುಗಿಸಿ ಕೊಟ್ಟೆ. ಅರ್ಧ ಅಂಕಿಗಳು ನಾಟಿಕಲ್ ಮೈಲಿಯಲ್ಲಿದ್ದವು. ನೆಲದ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಬೆಂಗಳೂರು–ದೆಹಲಿಯ 920 ನಾಟಿಕಲ್ ಮೈಲಿಯನ್ನು ನೆಲದ ಮೈಲಿ ಅಂದುಕೊಂಡರೆ 220 ಕಿ.ಮೀ.ಗೂ ಹೆಚ್ಚು ಖೋತಾ. ಅವರ ಲೆಕ್ಕ ವಿಭಾಗದ ಹುಡುಗಿ ಇಡೀ ಪಟ್ಟಿಯನ್ನು ಮತ್ತೆ ಕೂತು ಮಾಡಬೇಕಾಯಿತು.

ವಿಮಾನದವರು ನಾಟಿಕಲ್ ಮೈಲಿ ಬಿಡದಿರುವುದಕ್ಕೆ ಒಳ್ಳೆಯ ಕಾರಣವಿದೆ. ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ 60 ನಿಮಿಷ; ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ. ದೇವನಹಳ್ಳಿಯ ನಿಲ್ದಾಣ 13 ಡಿಗ್ರಿ 12 ನಿಮಿಷದ ಹತ್ತಿರ ಇದೆ, ದೆಹಲಿಯದು 28 ಡಿಗ್ರಿ 34 ನಿಮಿಷದ ಹತ್ತಿರ. ಕಳೆದರೆ 15 ಡಿಗ್ರಿ 22 ನಿಮಿಷ. ನಿಮಿಷಕ್ಕೆ ತಿರುಗಿಸಿದರೆ 922. ಕಾಗದ ಪೆನ್ಸಿಲ್‌ನಲ್ಲೇ ಎರಡು ನಿಲ್ದಾಣಗಳ ನಡುವಿನ ದೂರ ಸಿಕ್ಕಿತು: ಸುಮಾರು 1,700 ಕಿ.ಮೀ. ಉತ್ತರ–ದಕ್ಷಿಣವಾಗಿರುವ ಊರುಗಳಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ. ಮಕ್ಕಳಿರುವ ಮನೆಯಲ್ಲಿ ಒಮ್ಮೆ ಮಾಡಿಸಿ ನೋಡಿ.

3. ಅಳೆದ ದೂರ ಬೇರೆ, ಹಾರಿದ ದೂರ ಬೇರೆ

ರೈಲಿನಲ್ಲಿ ದೆಹಲಿಗೆ 2,300 ಕಿ.ಮೀ.ಗೂ ಹೆಚ್ಚು, ವಿಮಾನದಲ್ಲಿ 1,700 ಅಂತ ಹೇಳುವಾಗ ವಿಮಾನಕ್ಕೆ ಹಳಿಯೂ ಇಲ್ಲ ತಿರುವೂ ಇಲ್ಲ ಅನ್ನುವ ಭಾವನೆ ನನಗಿತ್ತು. ಆಕಾಶದಲ್ಲೂ ಗೊತ್ತುಪಡಿಸಿದ ದಾರಿಗಳಿವೆ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಅದಕ್ಕೋಸ್ಕರ ದಕ್ಷಿಣಕ್ಕೆ ಹೋಗುವ ವಿಮಾನ ಪೂರ್ವಕ್ಕೆ ಏರಿ ತಿರುಗಿಕೊಳ್ಳುವುದುಂಟು. ಸೇನೆಗೆ ಮೀಸಲಾದ ಜಾಗಗಳನ್ನು ಬಿಟ್ಟು ಸುತ್ತಿ ಹೋಗಬೇಕು. ಮಳೆಮೋಡ ಕಂಡರೆ ಪಕ್ಕಕ್ಕೆ ಸರಿಯಬೇಕು.

ದೇಶಗಳ ನಡುವಿನ ಸಂಬಂಧ ಕೆಟ್ಟರೆ ದಾರಿಯೇ ಮುಚ್ಚುತ್ತದೆ. 2019ರ ಫೆಬ್ರುವರಿ ಕೊನೆಯಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿತು. ಪೂರ್ತಿ ತೆರೆದದ್ದು ಜುಲೈ ಮಧ್ಯದಲ್ಲಿ. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಗುಜರಾತಿನ ಕಡೆ ಬಂದು ಅರಬ್ಬಿ ಸಮುದ್ರದ ಮೇಲೆ ಸುತ್ತಿ ಹೋದವು. ದೆಹಲಿ–ಇಸ್ತಾಂಬುಲ್ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. ಆ ದಿನಗಳಲ್ಲಿ ದೆಹಲಿಯ ಮೂಲಕ ಯುರೋಪಿಗೆ ಟಿಕೆಟ್ ಮಾಡಿಸಿದ್ದ ಒಂದು ಕುಟುಂಬಕ್ಕೆ ನಾನು ಹಳೆಯ ಗಂಟೆಗಳನ್ನೇ ಹೇಳಿ ಕಳಿಸಿದೆ. ಅವರ ಮುಂದಿನ ವಿಮಾನ ತಪ್ಪಿತು. ಚಿಕ್ಕ ಮಗುವನ್ನು ಕಟ್ಟಿಕೊಂಡು ಇಡೀ ರಾತ್ರಿ ನಿಲ್ದಾಣದಲ್ಲಿ ಕಳೆದರು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಆ ದಾರಿ ಮುಚ್ಚಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಹೊರಡಲಿದ್ದ ಎಲ್ಲರಿಗೂ ಫೋನ್ ಮಾಡಿದ್ದು.

ಬೆಂಗಳೂರಿನಿಂದ ದುಬೈಗೆ ಹೋಗುವವರಿಗೆ ಇದರ ಬಿಸಿ ತಟ್ಟಲಿಲ್ಲ, ಅವರ ದಾರಿ ಸಮುದ್ರದ ಮೇಲೇ ಇದೆ. ದೆಹಲಿಯಿಂದ ದುಬೈಗೆ ಹೋಗುವವರಿಗೆ ತಟ್ಟಿತು. ಈಗ ಯಾವುದೇ ದೂರದ ಪ್ರಯಾಣಕ್ಕೆ ಮುಂಚೆ ಫ್ಲೈಟ್‌ರಾಡಾರ್24ರಂಥ ತಾಣದಲ್ಲಿ ಅದೇ ವಿಮಾನ ಕಳೆದ ವಾರ ಯಾವ ದಾರಿ ಹಿಡಿಯಿತು, ಎಷ್ಟು ಹೊತ್ತು ತಗೊಂಡಿತು ಅಂತ ನೋಡುತ್ತೇನೆ.

4. ಹೋಗುವ ಹೊತ್ತು ಬರುವ ಹೊತ್ತಲ್ಲ

“ಹೋಗೋಕೆ ಎರಡೂವರೆ ಗಂಟೆ ಅಂದ್ರೆ ಬರೋಕೂ ಅಷ್ಟೇ ಅಲ್ವಾ?” ಅಂತ ಕೇಳಿದವರಿಗೆ ನಾನೂ ಹೌದು ಅಂದಿದ್ದೇನೆ. ಮೇಲೆ ಬೀಸುವ ಗಾಳಿ ಆ ಮಾತನ್ನು ಒಪ್ಪುವುದಿಲ್ಲ. ಹೊಳೆಯಲ್ಲಿ ಸೆಳೆತದ ಜೊತೆ ಈಜುವವನಿಗೂ ಎದುರು ಈಜುವವನಿಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೀಸುತ್ತದೆ. ದೆಹಲಿಯಿಂದ ಕೋಲ್ಕತ್ತಕ್ಕೆ ಅದು ಬೆನ್ನಿಗೆ, ಕೋಲ್ಕತ್ತದಿಂದ ದೆಹಲಿಗೆ ಎದೆಗೆ. ಮಳೆಗಾಲದಲ್ಲಿ ದಕ್ಷಿಣದ ಮೇಲೆ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಬಿರುಗಾಳಿ ಇರುತ್ತದೆ. 1950ರ ದಶಕದಲ್ಲಿ ಅದನ್ನು ಗುರುತಿಸಿ ಜಗತ್ತಿಗೆ ತಿಳಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ಹೋಗುವಾಗ ಉಳಿದದ್ದು ಬರುವಾಗ ಕಳೆದು ಸರಿಹೋಗುತ್ತದೆ ಎಂದೂ ತಿಳಿಯಬೇಡಿ. 1,300 ಕಿ.ಮೀ. ದೂರ, ವಿಮಾನದ ವೇಗ ಗಂಟೆಗೆ 850, ಗಾಳಿಯ ವೇಗ 150 ಅಂತಿಟ್ಟುಕೊಳ್ಳಿ. ಗಾಳಿಯ ಜೊತೆ 78 ನಿಮಿಷ, ಎದುರು 111 ನಿಮಿಷ. ಕೂಡಿಸಿದರೆ 189. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 184 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು, ಅದಕ್ಕೇ ನಷ್ಟದ ಪಾಲೂ ಹೆಚ್ಚು.

ಗಾಳಿಗೆ ಎಷ್ಟು ಬಲವಿದೆ ಎಂದು ನನಗೆ ಮನದಟ್ಟಾದದ್ದು 2016ರಲ್ಲಿ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಮೇಲೆ ಸುಮಾರು 13,900 ಕಿ.ಮೀ. ಹಾರುತ್ತಿತ್ತು. ಆ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ ಸುಮಾರು 15,300 ಕಿ.ಮೀ.ಗೆ ಏರಿತು. ಆದರೆ ಗಾಳಿ ಬೆನ್ನಿಗಿದ್ದದ್ದರಿಂದ ಹೊತ್ತು ಸುಮಾರು ಎರಡು ಗಂಟೆ ಇಳಿಯಿತು. ದೂರ ಕಡಿಮೆ ಇದ್ದರೆ ಬೇಗ ತಲುಪುತ್ತೇವೆ ಅಂತ ಅಲ್ಲಿಯತನಕ ಹೇಳುತ್ತಿದ್ದ ಮಾತನ್ನು ನಾನು ಆಮೇಲೆ ಯಾರಿಗೂ ಹೇಳಿಲ್ಲ.

5. ಟಿಕೆಟಿನಲ್ಲಿರುವ ಗಂಟೆಯಲ್ಲಿ ನೆಲದ ಹೊತ್ತೂ ಸೇರಿದೆ

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೇಳಿದ್ದ: ಬೆಂಗಳೂರು–ಮಂಗಳೂರು ಸುಮಾರು 300 ಕಿ.ಮೀ., ವಿಮಾನ ಗಂಟೆಗೆ 800ಕ್ಕೂ ಹೆಚ್ಚು ಹೋಗುತ್ತದೆ, ಹಾಗಿದ್ದರೆ 22 ನಿಮಿಷ ಸಾಕು, ಟಿಕೆಟಿನಲ್ಲಿ ಒಂದು ಗಂಟೆ ಯಾಕೆ? ನನಗೆ ಉತ್ತರ ಗೊತ್ತಿರಲಿಲ್ಲ. ಏರ್‌ಲೈನಿನಲ್ಲಿ ಕೆಲಸ ಮಾಡುವ ಸ್ನೇಹಿತರನ್ನು ಕೇಳಿ ತಿಳಿದುಕೊಂಡೆ.

ಟಿಕೆಟಿನಲ್ಲಿ ಬರೆಯುವುದು ಬ್ಲಾಕ್ ಟೈಮ್. ಚಕ್ರಕ್ಕೆ ಇಟ್ಟ ಅಡೆ ತೆಗೆದು ವಿಮಾನ ಅಲುಗಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ನಿಂತು ಮತ್ತೆ ಅಡೆ ಇಡುವ ತನಕ. ರನ್‌ವೇ ತನಕ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯಲು ಸುತ್ತು ಹಾಕುವುದು, ಇಳಿದ ಮೇಲೆ ವಿಮಾನ ನಿಲ್ಲಿಸುವ ಜಾಗ ಸಿಗುವ ತನಕ ಕಾಯುವುದು ಎಲ್ಲ ಅದರಲ್ಲಿ ಬಂತು. 800ರ ವೇಗ ಇರುವುದು ಪೂರ್ತಿ ಮೇಲೇರಿದ ಮೇಲೆ. ಮಂಗಳೂರಿನ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರುಮಾಡಬೇಕು. ಅದಕ್ಕೆ ಹತ್ತಿರದ ಊರುಗಳಿಗೆ ಭಾಗಾಕಾರ ಹೆಚ್ಚು ತಪ್ಪುತ್ತದೆ. ದೆಹಲಿಗೆ ಭಾಗಿಸಿದರೆ ಎರಡು ಗಂಟೆ ಬರುತ್ತದೆ, ಟಿಕೆಟಿನಲ್ಲಿ ಮುಕ್ಕಾಲು ಗಂಟೆ ಹೆಚ್ಚು. ದೆಹಲಿಯಲ್ಲಿ ಈಗ ನಾಲ್ಕು ರನ್‌ವೇಗಳಿವೆ. ಯಾವುದರಲ್ಲಿ ಇಳಿದಿರಿ, ಯಾವ ಟರ್ಮಿನಲ್‌ಗೆ ಹೋಗಬೇಕು ಅನ್ನುವುದರ ಮೇಲೆ ನೆಲದ ಹೊತ್ತು ಹಿಗ್ಗುತ್ತದೆ, ಕುಗ್ಗುತ್ತದೆ.

ಏರ್‌ಲೈನಿನವರು ಇದರ ಮೇಲೆ ಸ್ವಲ್ಪ ಹೆಚ್ಚುವರಿ ಹೊತ್ತನ್ನೂ ಸೇರಿಸಿರುತ್ತಾರೆ. 15 ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕ ಹಿಡಿಯುವುದಿಲ್ಲ. ಆದ್ದರಿಂದ ಕೆಲವು ದಿನ ವಿಮಾನ ಮುಂಚೆಯೇ ಇಳಿಯುತ್ತದೆ. ಕರೆದುಕೊಂಡು ಹೋಗಲು ಬರುವವರು ಟಿಕೆಟಿನ ಗಂಟೆಯನ್ನೇ ನಂಬಿ ಕೂರದೆ, ಅವತ್ತಿನ ವಿಮಾನ ಎಲ್ಲಿದೆ ಅಂತ ಫೋನಿನಲ್ಲಿ ನೋಡಿಕೊಂಡು ಹೊರಡುವುದು ಒಳ್ಳೆಯದು.

6. ವಿಮಾನ ಯಾವುದೆಂದು ನೋಡಿ

ಒಂದೇ ದಾರಿಯಲ್ಲಿ ಫ್ಯಾನಿನ ರೆಕ್ಕೆ ತಿರುಗುವ ಎಟಿಆರ್ 72 ಹಾಕಿದರೆ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಏರ್‌ಬಸ್ ಎ320 ಹಾಕಿದರೆ 830ರ ಹತ್ತಿರ. ನಮ್ಮ ರಾಜ್ಯದ ಸಣ್ಣ ನಿಲ್ದಾಣಗಳಿಗೆ ಹೋಗುವವರು ಟಿಕೆಟಿನಲ್ಲಿ ಬರೆದ ವಿಮಾನದ ಹೆಸರನ್ನೂ ಓದಬೇಕು. ಎಟಿಆರ್‌ನಲ್ಲಿ ತಲೆ ಮೇಲಿನ ಲಗೇಜ್ ಜಾಗವೂ ಚಿಕ್ಕದು. ಹೊರಗೆ ನಡೆದು ಬಂದು ಮೆಟ್ಟಿಲು ಹತ್ತಬೇಕಾಗುತ್ತದೆ. ಮಂಡಿನೋವಿನವರಿಗೆ ಈ ವಿಷಯ ಮೊದಲೇ ಹೇಳಿದರೆ ಅವರು ಗಾಲಿಕುರ್ಚಿ ಕೇಳಿಟ್ಟುಕೊಳ್ಳುತ್ತಾರೆ.

7. ಲೆಕ್ಕ ಮನೆ ಬಾಗಿಲಿಂದ ಶುರುವಾಗಲಿ

2023ರ ಆಗಸ್ಟ್ ಕೊನೆಯ ದಿನ ಶಿವಮೊಗ್ಗಕ್ಕೆ ವಿಮಾನ ಶುರುವಾದಾಗ ನನಗೆ ಬಹಳ ಸಂತೋಷವಾಗಿತ್ತು. ಬನಶಂಕರಿಯ ಒಂದು ಕುಟುಂಬ ಮದುವೆಗೆ ಹೊರಟಿತ್ತು. “ವಿಮಾನದಲ್ಲಿ ಹೋಗಿ, ಒಂದು ಗಂಟೆ ಅಷ್ಟೇ” ಅಂದೆ. ನೇರ ದೂರ ಸುಮಾರು 240 ಕಿ.ಮೀ. ಅಂತಲೂ ಹೇಳಿದೆ. ಮಾತು ಸುಳ್ಳಲ್ಲ. ಆದರೆ ಅವರು ಮನೆ ಬಿಟ್ಟು ದೇವನಹಳ್ಳಿ ಮುಟ್ಟಲು ಎರಡು ಗಂಟೆ ಹಿಡಿಯಿತು. ವಿಮಾನಕ್ಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಆಮೇಲೆ ಹಾರಾಟ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ಲಗೇಜ್ ತಗೊಂಡು ಮದುವೆ ಮನೆ ಸೇರುವುದಕ್ಕೆ ಇನ್ನೊಂದಿಷ್ಟು ಹೊತ್ತು. ಒಟ್ಟು ಐದು ಗಂಟೆಯ ಮೇಲಾಯಿತು. ಮನೆಯ ಯಜಮಾನರು ವಾಪಸು ಬಂದು, “ಜನಶತಾಬ್ದಿ ರೈಲು ಹತ್ತಿದ್ರೆ ಹೆಚ್ಚುಕಡಿಮೆ ಇಷ್ಟೇ ಹೊತ್ತಾಗ್ತಿತ್ತು, ಅಮ್ಮನಿಗೆ ಇಷ್ಟೆಲ್ಲ ಕಡೆ ಹತ್ತಿ ಇಳಿಯೋ ಕಷ್ಟ ತಪ್ತಿತ್ತು” ಅಂದರು. ದನಿ ಏರಿಸದೆ ಹೇಳಿದರು. ಅವರ ತಾಯಿಗೆ ಎಂಬತ್ತರ ಮೇಲೆ ವಯಸ್ಸು ಅನ್ನುವುದನ್ನು ನಾನು ಟಿಕೆಟ್ ಮಾಡುವಾಗ ಬರೀ ಒಂದು ಅಂಕಿಯಾಗಿ ತುಂಬಿದ್ದೆ.

ನಿಲ್ದಾಣ ಎಚ್‌ಎಎಲ್‌ನಲ್ಲಿದ್ದಾಗ ಈ ಲೆಕ್ಕ ಬೇರೆಯೇ ಇತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದ ಮೇಲೆ ಆಕಾಶದ ದೂರ ಬದಲಾಗಲಿಲ್ಲ, ನೆಲದ ದೂರ ಬೆಳೆಯಿತು. ಚೆನ್ನೈ ನೇರವಾಗಿ ಸುಮಾರು 270 ಕಿ.ಮೀ., ವಿಮಾನ ಒಂದು ಗಂಟೆ. 2022ರ ನವೆಂಬರಿನಲ್ಲಿ ವಂದೇ ಭಾರತ್ ರೈಲು ಬಂದ ಮೇಲೆ ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಚೆನ್ನೈ ಸೆಂಟ್ರಲ್‌ನಲ್ಲೇ ಇಳಿಯಬಹುದು. ಊರೊಳಗಿಂದ ಊರೊಳಕ್ಕೆ. ಯಲಹಂಕದಲ್ಲಿರುವವರಿಗೆ ವಿಮಾನ ಸರಿ. ಮೈಸೂರು ರಸ್ತೆಯ ಕಡೆಯವರಿಗೆ ರೈಲು ಸರಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಮಂಗಳೂರಿನ ರಸ್ತೆ ನಿಂತಾಗ ಆ ಒಂದು ಗಂಟೆಯ ವಿಮಾನಕ್ಕೆ ಸಾಟಿಯಿಲ್ಲ. ಯಾರಿಗೆ, ಯಾವಾಗ, ಎಲ್ಲಿಂದ ಅನ್ನುವುದನ್ನು ಕೇಳದೆ ಯಾವುದು ಬೇಗ ಅಂತ ಹೇಳಬಾರದು. ನನ್ನಲ್ಲಿಗೆ ಬಂದವರಿಗೆ ರೈಲೇ ಒಳ್ಳೆಯದು ಅಂತ ಹೇಳಿ ಕಳಿಸಿದ್ದೂ ಇದೆ. ಅವರು ಮುಂದಿನ ಸಲ ಮತ್ತೆ ಬಂದಿದ್ದಾರೆ.

8. ನಡುರಾತ್ರಿ ದಾಟಿದ ವಿಮಾನಕ್ಕೆ ತಾರೀಕನ್ನು ಎರಡು ಸಲ ಹೇಳಿ

ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಪಾಠ. ಹಾವೇರಿ ಕಡೆಯ ದಂಪತಿ, ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದರು. ವಿಮಾನ 15ನೇ ತಾರೀಕು ಬೆಳಗಿನ ಜಾವ ಮೂರರ ಮೇಲೆ. ನಾನು ಚೀಟಿಯಲ್ಲಿ “15ನೇ ತಾರೀಕು, ರಾತ್ರಿ 3 ಗಂಟೆ” ಅಂತ ಬರೆದುಕೊಟ್ಟೆ. ಅವರು 15ರಂದು ಊರಿನಿಂದ ಹೊರಟು, ಸಂಜೆ ಬೆಂಗಳೂರಿಗೆ ಬಂದು, ಊಟ ಮುಗಿಸಿ, ರಾತ್ರಿ ಹನ್ನೊಂದಕ್ಕೆ ನಿಲ್ದಾಣದ ಬಾಗಿಲಲ್ಲಿ ನಿಂತರು. ಅಂಟಿನುಂಡೆ ಡಬ್ಬಿ, ಕೂಸಿಗೆ ಹೊಲಿಸಿದ ಕುಲಾವಿ, ಎಲ್ಲ ಕಟ್ಟಿಕೊಂಡು ಬಂದಿದ್ದರು. ಅವರ ವಿಮಾನ ಹೋಗಿ ಇಪ್ಪತ್ತು ಗಂಟೆಯಾಗಿತ್ತು.

ಅವರದೇನೂ ತಪ್ಪಿರಲಿಲ್ಲ. ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಬೆಳಗಿನ ಜಾವ ಮೂರು ಗಂಟೆ ಹಿರಿಯರ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿಯೇ. ವಿಮಾನದ ಗಡಿಯಾರ ನಡುರಾತ್ರಿಗೆ ತಾರೀಕು ಬದಲಿಸುತ್ತದೆ. ಎರಡು ಲೆಕ್ಕಗಳ ನಡುವೆ ನಿಂತು ತಿಳಿಸಿ ಹೇಳಬೇಕಾದವನು ನಾನು. ವಿಮಾನಕ್ಕೆ ಬರಲಿಲ್ಲವೆಂದು ಅದೇ ಟಿಕೆಟಿನಲ್ಲಿದ್ದ ವಾಪಸು ಪ್ರಯಾಣವೂ ರದ್ದಾಗಿತ್ತು. ಹೊಸ ಟಿಕೆಟಿನ ಹಣ ನಾನು ಹಾಕಿದೆ. ಆದರೆ ಅವರು ತಲುಪುವಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಆ ದಿನವನ್ನು ಯಾವ ಹಣದಿಂದಲೂ ಹಿಂದಕ್ಕೆ ಕೊಡಲು ಆಗುವುದಿಲ್ಲ.

ಈಗ ಇಂಥ ವಿಮಾನಕ್ಕೆ ನಾನು ಬರೆಯುವುದು ಹೀಗೆ: “14ನೇ ತಾರೀಕು ಸೋಮವಾರ ರಾತ್ರಿ ಊಟ ಮಾಡಿ ಒಂಬತ್ತಕ್ಕೆ ಮನೆ ಬಿಡಿ. ವಿಮಾನ ಅದೇ ರಾತ್ರಿ ಕಳೆದು ಮಂಗಳವಾರ 15, ಬೆಳಗಿನ ಜಾವ 3.10.” ವಾರದ ಹೆಸರು ಬರೆಯುವುದನ್ನು ಬಿಡುವುದಿಲ್ಲ. ಬರೆದದ್ದನ್ನು ಅವರ ಬಾಯಲ್ಲೇ ಒಮ್ಮೆ ಹೇಳಿಸಿ ಕೇಳುತ್ತೇನೆ.

9. ಹೊರಡುವ ಗಡಿಯಾರ ಒಂದು, ಇಳಿಯುವ ಗಡಿಯಾರ ಇನ್ನೊಂದು

ಟಿಕೆಟಿನಲ್ಲಿ ಆಯಾ ಊರಿನ ಗಂಟೆಯನ್ನೇ ಬರೆದಿರುತ್ತಾರೆ. ರಾತ್ರಿ 11ಕ್ಕೆ ಬೆಂಗಳೂರು ಬಿಟ್ಟು ಬೆಳಗ್ಗೆ 6ಕ್ಕೆ ಸಿಂಗಪುರ ಅಂತಿದ್ದರೆ ಏಳು ಗಂಟೆ ಅಂತ ಕಾಣುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ; ಕೂರುವುದು ನಾಲ್ಕೂವರೆ ಗಂಟೆ. ದುಬೈ ಒಂದೂವರೆ ಗಂಟೆ ಹಿಂದೆ. ಅಲ್ಲಿಗೆ ಹೋಗುವಾಗ ಹೊತ್ತು ಕಡಿಮೆ ಕಾಣುತ್ತದೆ, ಬರುವಾಗ ಹೆಚ್ಚು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರೊಬ್ಬರು ಈ ವ್ಯತ್ಯಾಸದ ಮಹತ್ವ ನನಗೆ ಕಲಿಸಿದರು. ಅವರಿಗೆ ಬೇಕಿದ್ದದ್ದು ಎರಡು ಊಟಗಳ ನಡುವೆ ನಿಜವಾಗಿ ಎಷ್ಟು ಗಂಟೆ ಅನ್ನುವುದು. ಡಾಕ್ಟರಿಗೆ ತೋರಿಸಲು ಇಡೀ ಪ್ರಯಾಣವನ್ನು ಭಾರತದ ಗಂಟೆಯಲ್ಲಿ ಬರೆದುಕೊಡಿ ಅಂದರು. ಉದಾಹರಣೆಗೆ, ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಶನಿವಾರ ರಾತ್ರಿ 8.30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರಿನಲ್ಲಿ ಇಳಿದರೆ, ಭಾರತದ ಗಡಿಯಾರದಲ್ಲಿ ಹೊರಟದ್ದು ಭಾನುವಾರ ಬೆಳಗ್ಗೆ 10ಕ್ಕೆ. ಕೂತದ್ದು 17 ಗಂಟೆ 45 ನಿಮಿಷ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಯುರೋಪಿನಲ್ಲಿ ಬದಲಿಸುವ ದಿನಗಳೇ ಬೇರೆ. ಆ ವಾರಗಳಲ್ಲಿ ಲೆಕ್ಕವನ್ನು ಎರಡು ಸಲ ನೋಡುತ್ತೇನೆ. ಔಷಧಿ ತೆಗೆದುಕೊಳ್ಳುವ ಎಲ್ಲರಿಗೂ ಭಾರತದ ಗಂಟೆಯ ಪಟ್ಟಿ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

10. ನಡುವಿನ ನಿಲ್ದಾಣದಲ್ಲಿ ಏನೇನು ಮಾಡಬೇಕೆಂದು ಬಿಡಿಸಿ ಹೇಳಿ

ಅಗ್ಗದ ಟಿಕೆಟ್ ಹುಡುಕಿಕೊಡುವುದೇ ಸೇವೆ ಅಂದುಕೊಂಡಿದ್ದಾಗ, ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಹಣ ಉಳಿಸಿಕೊಟ್ಟದ್ದಿದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಎರಡನೆಯವರಿಗೆ ಯಾವ ಹೊಣೆಯೂ ಇರುವುದಿಲ್ಲ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಕಳಿಸುವುದು ಏರ್‌ಲೈನಿನ ಜವಾಬ್ದಾರಿ. ಹಿರಿಯರಿಗೆ ಈಗ ಬೇರೆ ಬೇರೆ ಟಿಕೆಟ್ ಮಾಡಿಸುವುದಿಲ್ಲ.

ಹೊರದೇಶದಿಂದ ಬಂದು ದೆಹಲಿಯಲ್ಲೋ ಮುಂಬೈಯಲ್ಲೋ ಇಳಿದು ಬೆಂಗಳೂರಿಗೆ ಹತ್ತುವವರು ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಶನ್ ಮುಗಿಸಿ, ಲಗೇಜ್ ತಗೊಂಡು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜ್ ಕೊಟ್ಟು, ಮತ್ತೆ ತಪಾಸಣೆಗೆ ನಿಲ್ಲಬೇಕು. ಎರಡು ಗಂಟೆಯ ಬಿಡುವು ಕಾಗದದ ಮೇಲೆ ಸಾಕಷ್ಟು ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಮಂಜು ಕವಿದರೆ ನಾಲ್ಕು ಗಂಟೆಯೂ ಸಾಲದು. ಬೆಲೆ ಸ್ವಲ್ಪ ಹೆಚ್ಚಾದರೂ ಬಿಡುವು ಹೆಚ್ಚಿರುವುದನ್ನೇ ಆರಿಸಿ ಅಂತ ಮಕ್ಕಳಿಗೆ ಹೇಳುತ್ತೇನೆ. ಗಾಲಿಕುರ್ಚಿ ಕೇಳಲು ಸಂಕೋಚಪಡುವ ಅಮ್ಮಂದಿರಿಗೆ, ಕುರ್ಚಿಯ ಜೊತೆ ದಾರಿ ಗೊತ್ತಿರುವ ಒಬ್ಬರು ಬರುತ್ತಾರೆ ಅಂತ ಹೇಳಿದರೆ ಒಪ್ಪುತ್ತಾರೆ.

11. ಒಂದೇ ಸಂಖ್ಯೆ ಹೇಳಿ ಕಳಿಸಬೇಡಿ

ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ ಈಗ ಒಂದು ಹಾಳೆ ತೆಗೆದು ಐದು ಸಾಲು ಬರೆಯುತ್ತೇನೆ. ಮನೆ ಬಿಡುವುದು, ನಿಲ್ದಾಣ ತಲುಪುವುದು, ವಿಮಾನ ಹೊರಡುವುದು, ಇಳಿಯುವುದು, ಆ ಕಡೆಯ ಮನೆ ಸೇರುವುದು. ಪ್ರತಿ ಸಾಲಿಗೂ ವಾರ, ತಾರೀಕು, ಅಲ್ಲಿನ ಗಂಟೆ, ನಮ್ಮ ಗಂಟೆ. ಬದಲಾಗಬಹುದಾದ ಸಾಲಿಗೆ ಕೆಂಪು ಪೆನ್ನಿನ ಗುರುತು. ಒಂದು ಪ್ರತಿ ಪ್ರಯಾಣಿಕರಿಗೆ, ಒಂದು ಇಲ್ಲಿ ಮನೆಯಲ್ಲಿ ಉಳಿಯುವವರಿಗೆ, ಒಂದು ಅಲ್ಲಿ ಕರೆದೊಯ್ಯಲು ಬರುವವರಿಗೆ.

ಹೋಗಿ ಬಂದವರು ಸಿಕ್ಕಾಗ ನಿಜವಾಗಿ ಎಷ್ಟು ಹೊತ್ತಾಯಿತು, ಎಲ್ಲಿ ಕಾದಿರಿ, ಎಲ್ಲಿ ನಡೆಯಲು ಕಷ್ಟವಾಯಿತು ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ದೂರದ ಅಂಕಿ ಯಾರ ಫೋನಿನಲ್ಲಾದರೂ ಸಿಗುತ್ತದೆ. ಮಂಡಿನೋವಿನ ಒಬ್ಬ ತಾಯಿಗೆ ಇಮಿಗ್ರೇಶನ್ ಸಾಲಿನಿಂದ ಮುಂದಿನ ವಿಮಾನದ ಗೇಟಿನ ತನಕ ನಡೆಯಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಅವರನ್ನೇ ಕೇಳಿದರೆ ಮಾತ್ರ ಗೊತ್ತಾಗುವುದು. ಈ ಕೆಲಸಕ್ಕೆ ಬರುವ ಹೊಸಬರಿಗೆ ನಾನು ಕೊಡಬಹುದಾದದ್ದು ಆ ನೋಟ್‌ಬುಕ್ಕು. ಬಂದು ನೋಡಿ, ಬೇಕಾದ್ದು ಬರೆದುಕೊಳ್ಳಿ, ತಪ್ಪಿದ್ದರೆ ತಿದ್ದಿ. ನಿಮ್ಮವರು ಹೋಗಿ ಬಂದಾಗ ಅವರು ಹೇಳಿದ್ದನ್ನೂ ಅದರಲ್ಲಿ ಸೇರಿಸಿ.